ಮೈಮ್ಯಾಲಿನ ಹೊಲಸು

"ತಂಬಿಗಿ ಅಲ್ಲಿಡು. ನಿನ್ನ ಕೈಲೆ ನೀರು ಬ್ಯಾಡ."

ಹಂಡೆಯಿಂದ ನೀರು ತೋಡಿಕೊಂಡಿದ್ದ ಸುವರ್ಣಾ ಹಾಗೇ ನಿಂತಳು. ಹಿತ್ತಲಲ್ಲಿ ಸೀರೆಯ ಮರೆ ಕಟ್ಟಿ, ಅತ್ತೆ ಮಲ್ಲಕ್ಕನ ಹೆಣವನ್ನು ಜಳಕಕ್ಕೆ ಕೂಡಿಸಿದ್ದರು. ಆ ಮನೆಯಲ್ಲಿ ಕೊನೆಯ ಜಳಕದ ಮೊದಲ ತಂಬಿಗೆ ಸೊಸೆಯದು. ತಡೆದವಳು ಅಣ್ಣಿಗೇರಿಯಿಂದ ಬಂದ ಮಗಳು ಮಹಾನಂದಾ.

"ಯಾಕ್ರಿ ಅಕ್ಕಾರ?"

"ಮೈಮ್ಯಾಲಿನ ಹೊಲಸು ಅಂತ ಫೋನಿನ್ಯಾಗ ನೀನ ಹೇಳಿದಿ. ಹಾಸಿಗಿ ಹಿಡಿದ ನಮ್ಮವ್ವನ ಮೈ ತೊಳಿಯಾಕ ಯಾರಿದ್ರು? ನೀನ ಇದ್ದಿ."

ಹೆಂಗಸರೆಲ್ಲ ಸುವರ್ಣಾಳತ್ತ ನೋಡಿದರು. ದಿನಾ ಬಂದುಹೋಗುವ ಪಕ್ಕದ ಮನೆಯ ರೇಷ್ಮಾಬಿಯೂ ಕಣ್ಣು ತಪ್ಪಿಸಿದಳು. ಸುವರ್ಣಾಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಹೊಲಸಿನ ಮಾತು, ಅದೂ ಮಲ್ಲಕ್ಕನ ಮನೆಯಲ್ಲಿ! ಮದುವೆ ಬಂತೆಂದರೆ ಊರವರು ಶಾವಿಗೆ ಹೊಸೆಯಲು ಕರೆಯುತ್ತಿದ್ದುದು ಅವಳನ್ನೇ. ಕಣಕ ಮುಟ್ಟಲು ಬಂದವರು ಗೌಡರ ಸೊಸೆಯೇ ಇರಲಿ, "ಕೈ ತೊಳಕೊಂಡಿಯೇನ?" ಎಂದು ಕೇಳಿ, ಎರಡೂ ಅಂಗೈ ತೋರಿಸಿದ ಮೇಲೆಯೇ ಒಳಗೆ ಬಿಡುತ್ತಿದ್ದಳು.

*

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ರಕ್ತ ತೆಗೆಯಲು ಬಂದವನಿಗೂ ಮಲ್ಲಕ್ಕ ಅದನ್ನೇ ಕೇಳಿದ್ದಳು. "ಕೈ ತೊಳಕೊಂಡಿ ಏನಪಾ?" ಅವನು ನಕ್ಕು, ತೋಳಿಗೆ ಹತ್ತಿ ಮುಟ್ಟಿಸಿದಂತೆ ಮಾಡಿ ಸೂಜಿ ಚುಚ್ಚಿದ. ಇನ್ನೊಂದು ತೋಳಿನ ರಕ್ತವನ್ನು ಹಿರಿಯ ನರ್ಸ್ ಬಂದು ಬೇರೆ ಬಾಟ್ಲಿಗೆ ತೆಗೆದಳು. ನಿಮೋನಿಯಾ ಇತ್ತು, ನಂಜು ರಕ್ತಕ್ಕೂ ಏರಿದೆಯೇ ಎಂಬ ಅನುಮಾನ ಡಾಕ್ಟರರದು.

ಪರೀಕ್ಷೆ ಮುಗಿದಾಗ ಅವರೇ ಕರೆದು ಹೇಳಿದರು.

"ರಕ್ತಕ್ಕ ನಂಜು ಏರಿಲ್ರಿ. ಒಂದು ತೋಳಿನ ಬಾಟ್ಲಿಯೊಳಗಷ್ಟ ಕ್ರಿಮಿ ಬೆಳೆದಾವ, ಇನ್ನೊಂದು ತೋಳಿಂದು ಸ್ವಚ್ಛ ಐತಿ. ಇವು ಎಲ್ಲಾರ ಚರ್ಮದ ಮ್ಯಾಲೂ ಇರೋವು, ನನ್ನ ಮೈಮ್ಯಾಲೂ ಅದಾವ. ತೋಳು ಸರಿಯಾಗಿ ಒರಸದ ಚುಚ್ಚಿದ್ರ ಸೂಜಿ ಜೋಡಿ ಬಾಟ್ಲಿಗೆ ಹೋಗ್ತಾವ."

ಸುವರ್ಣಾ ಹಿಗ್ಗಿನಿಂದ ನಾದಿನಿಗೆ ಫೋನು ಹಚ್ಚಿದಳು. "ರಕ್ತದಾಗ ಏನಿಲ್ಲಂತ್ರಿ ಅಕ್ಕಾರ, ಬರೇ ಮೈಮ್ಯಾಲಿನ ಹೊಲಸಂತ." ಕ್ರಿಮಿ ಅಂದರೆ ಅಕ್ಕ ಗಾಬರಿಯಾದಾಳೆಂದು ತಾನೇ ಹುಡುಕಿದ ಮಾತು ಅದು. ಕೊನೆಗೆ ಅತ್ತೆಯನ್ನು ಒಯ್ದದ್ದು ನಿಮೋನಿಯಾ. ಅಕ್ಕನ ಮನಸ್ಸಿನಲ್ಲಿ ಉಳಿದದ್ದು ಹೊಲಸು.

*

"ಅದು ಬಾಟ್ಲಿಗೆ ಹತ್ತಿದ್ದರಿ, ಡಾಕ್ಟರ್ ಹೇಳ್ಯಾರ" ಎಂದಳು ಸುವರ್ಣಾ.

"ಹಾಕು, ತಪ್ಪೆಲ್ಲಾ ಬಾಟ್ಲಿ ಮ್ಯಾಲ ಹಾಕು. ಅದೇನು ತಿರುಗಿ ಮಾತಾಡ್ತತೇನ? ಬೆನ್ನು ತೋರಸ್ರಿ."

ಹೆಂಗಸರು ಹೆಣವನ್ನು ಮೆಲ್ಲಗೆ ಮುಂದಕ್ಕೆ ಬಾಗಿಸಿದರು. ಮಹಾನಂದಾ ಸೆರಗು ಸರಿಸಿ ಹುಣ್ಣು ಹುಡುಕಿದಳು. ಸೊಂಟ ನೋಡಿದಳು, ಕಂಕುಳು ನೋಡಿದಳು, ಕಾಲ್ಬೆರಳ ಸಂದು ಬಿಡಿಸಿ ನೋಡಿದಳು. ಎಲ್ಲೂ ಏನೂ ಇರಲಿಲ್ಲ. ನಂಬಿಕೆಯಾಗದೆ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ ತಿಕ್ಕಿ, ಬೆರಳನ್ನು ಬೆಳಕಿಗೆ ಹಿಡಿದಳು. ಹತ್ತಿದ್ದು ಬಿಳೀ ಪೌಡರು.

"ದಿನಾ ಮೈ ಒರಸಿ ಹಚ್ಚತಿದ್ಲವಾ" ಎಂದಳು ರೇಷ್ಮಾಬಿ, ತಡವಾಗಿ.

ಮಹಾನಂದಾ ತಂಬಿಗೆ ತುಂಬಿ ಸುವರ್ಣಾಳ ಕಡೆ ಚಾಚಿದಳು.

ಸುವರ್ಣಾ ತೆಗೆದುಕೊಳ್ಳಲಿಲ್ಲ. ಹಂಡೆಯ ಬಳಿ ಕುಳಿತು, ಸಬಕಾರ ಹಚ್ಚಿ, ಮೊಣಕೈವರೆಗೆ ಕೈ ತೊಳೆದಳು. ಎದ್ದು ಬಂದು, ಕಣ್ಣು ಮುಚ್ಚಿ ಕುಳಿತಿದ್ದ ಅತ್ತೆಯ ಮುಂದೆ ಒದ್ದೆ ಅಂಗೈಗಳೆರಡನ್ನೂ ಬಿಚ್ಚಿ ಹಿಡಿದಳು.