ಆರು ಪಂಜರದ ಇಲಿಗಳು

ಶವವಿರಿಸಿದ ಜನಾಜಾಕ್ಕೆ ಭುಜ ಕೊಡಲು ನಾಲ್ವರು ಬಗ್ಗಿದ್ದರು. ಅಷ್ಟರಲ್ಲಿ ಮೌಲಾಬಿ ಬಾಗಿಲಿಗೆ ಅಡ್ಡ ನಿಂತಳು.

"ತಡೀರಿ. ಪಂಚಾಕ್ಷರಿ ಸಾಹೇಬ್ರು ಬರೂತನಕ ಎತ್ತಬ್ಯಾಡ್ರಿ."

"ಭಾಬಿ, ಹೊತ್ತಾಗಾಕತ್ತೈತಿ. ಕಬರಸ್ತಾನದಾಗ ಜನ ಕಾಯಾಕತ್ತಾರ," ಎಂದ ಮೈದುನ ರಾಜಮಹ್ಮದ.

"ಕಾಯಲಿ. ಅವರು ಮಾಫ್ ಮಾಡದ ನಿಮ್ಮಣ್ಣ ಮಣ್ಣಾಗ ಹೆಂಗ ಮಲಗ್ತಾರ?"

ಮೌಲಾಬಿಗೆ ಎದುರಾಡುವ ಗಂಡಸು ಕುಂಡಯಿ ಎಂಬ ಪರವೂರಿನ ಆ ಕಾರ್ಮಿಕರ ಸಾಲುಮನೆಗಳಲ್ಲಿ ಇನ್ನೂ ಹುಟ್ಟಿರಲಿಲ್ಲ. ಸತ್ತವನು ಅವಳ ಗಂಡ ಇಮಾಮಹುಸೇನ. ವಿಜಾಪುರದ ಕಡೆಯವ, ಇಲ್ಲಿನ ಔಷಧ ಪ್ರಯೋಗಶಾಲೆಯಲ್ಲಿ ಹನ್ನೆರಡು ವರ್ಷ ಇಲಿಗಳ ಪಂಜರ ತೊಳೆದವ.

*

ಎಂಬತ್ತೆಂಟರಲ್ಲಿ ಧಾರವಾಡದ ವಿಜ್ಞಾನಿ ಪಂಚಾಕ್ಷರಿಯವರು ಅಲ್ಲಿ ಒಂದು ಪರೀಕ್ಷೆ ಹೂಡಿದ್ದರು. ಸೋಂಕು ಕೊಲ್ಲುವ ಒಂದು ಇಂಜೆಕ್ಷನ್ ಮೂತ್ರಪಿಂಡವನ್ನೂ ಕೆಡಿಸುತ್ತಿತ್ತು. ಪುನರ್ನವದ ಬೇರಿನ ರಸ ಅದನ್ನು ಕಾಯುತ್ತದೆಯೇ ಎಂದು ನೋಡಬೇಕಿತ್ತು. ಹನ್ನೆರಡು ಪಂಜರಗಳಿಗೂ ಇಂಜೆಕ್ಷನ್. ಆರಕ್ಕೆ ಮಾತ್ರ ರಸ. ಉಳಿದ ಆರಕ್ಕೆ, ಹೋಲಿಸಿ ನೋಡಲೆಂದು, ಬರೀ ನೀರು.

ಇಮಾಮಹುಸೇನ ಪಂಜರದೊಳಗಿನ ಹೊಟ್ಟು ಮುಟ್ಟಿಯೇ ಇಲಿಯ ಹಣೆಬರಹ ಹೇಳುತ್ತಿದ್ದ. "ಒಣಾ ಐತ್ರಿ. ಇದು ಉಚ್ಚಿ ಹೊಯ್ಯಾಕತ್ತಿಲ್ಲ, ನಾಡಿದ್ದು ಹೋಗತೈತಿ." ರಕ್ತಪರೀಕ್ಷೆಯ ಚೀಟಿ ಎರಡು ದಿನ ತಡವಾಗಿ ಬಂದು ಅದನ್ನೇ ಹೇಳುತ್ತಿತ್ತು. ಅಷ್ಟು ಓದಿದ ಪಂಚಾಕ್ಷರಿಯವರು ಆ ಕೈಯನ್ನೇ ಬೆರಗಿನಿಂದ ನೋಡುತ್ತಿದ್ದರು.

ಆದರೆ ಆ ಪರೀಕ್ಷೆಯಲ್ಲಿ ಹನ್ನೆರಡೂ ಪಂಜರಗಳ ಇಲಿಗಳು ಗಟ್ಟಿಮುಟ್ಟಾಗಿ ಉಳಿದವು. ರಸವಿಲ್ಲದವೂ ಬದುಕಿದ ಮೇಲೆ ರಸದ ಹೆಚ್ಚುಗಾರಿಕೆ ಏನು? ಮೂತ್ರಪಿಂಡ ಕೆಡಿಸುವಷ್ಟು ಕಸುವು ಇಂಜೆಕ್ಷನ್ನಿನಲ್ಲೇ ಇಲ್ಲ ಎಂದುಕೊಂಡು ಅವರು ಎರಡು ವರ್ಷದ ಕೆಲಸಕ್ಕೆ ಎಳ್ಳುನೀರು ಬಿಟ್ಟರು.

*

ಪಂಚಾಕ್ಷರಿಯವರು ಏದುಸಿರು ಬಿಡುತ್ತ ಒಳಗೆ ಬಂದರು. ಮೌಲಾಬಿ ಸೆರಗು ಸರಿಮಾಡಿಕೊಂಡಳು.

"ಬರೀ ನೀರು ಕೊಡೂ ಆ ಆರು ಪಂಜರಕ್ಕ ಔಷಧ ಹಾಕೂದು ನೀವು ಮರತೀರಿ ಅಂತ ತಿಳಿದಿದ್ರು ಇವರು. ದೊಡ್ಡವರಿಗೆ ಹೆಂಗ ಹೇಳೂದು ಅಂತ ತಾವ ಗುಡ್ಡಕ್ಕ ಹೋಗಿ ಆ ಬೇರು ಕಿತ್ತು ತಂದು, ಕುದಿಸಿ, ದಿನಾ ಕುಡಿಸ್ಯಾರ. ತಪ್ಪಂತ ಆಮ್ಯಾಲ ತಿಳೀತು. ಹೇಳಾಕ ಬಾಯಿ ಬರಲಿಲ್ಲ. ನಿನ್ನೆ ಸಾಯೂಮುಂದ ನನಗ ಹೇಳಿದ್ರು. ಮಾಫ್ ಮಾಡ್ರಿ."

ಪಂಚಾಕ್ಷರಿಯವರ ಮುಖ ಕೆಂಪೇರಿತು. ಎರಡು ವರ್ಷವೆಂದರೆ ಸುಮ್ಮನೆಯೇ? ಆಮೇಲೆ ಮೆಲ್ಲಗೆ ಕೇಳಿದರು.

"ಆರಕ್ಕೂ ಕುಡಿಸಿದ್ನೇನು?"

"ಒಂದೂ ಬಿಟ್ಟಿಲ್ರಿ."

"ಯಾತರಾಗ ಕುದಿಸಿದ್ದ?"

"ನಮ್ಮ ಚಾದ ಪಾತೇಲ್ಯಾಗ್ರಿ."

ಹಾಗಾದರೆ ಇಂಜೆಕ್ಷನ್ ಕಸುವಿನದೇ. ಹನ್ನೆರಡು ಪಂಜರಗಳನ್ನೂ ಕಾದದ್ದು ಆ ಬೇರಿನ ರಸವೇ. ಪಂಚಾಕ್ಷರಿಯವರು ಬಿಳಿ ಬಟ್ಟೆಯೊಳಗಿನ ಸಣ್ಣ ದೇಹವನ್ನು ನೋಡುತ್ತ ನಿಂತೇಬಿಟ್ಟರು.

"ಸಾಹೇಬ್ರ, ನೀವು ಇನ್ನೂ ಹೇಳಲಿಲ್ಲ," ಎಂದಳು ಮೌಲಾಬಿ.

"ಮಾಫ್ ಮಾಡೇನವ್ವಾ. ಎಲ್ಲಾರ ಮುಂದ ಹೇಳಾಕತ್ತೇನಿ, ಮಾಫ್. ಬದುಕಿದ್ದಾಗ ಒಂದು ಮಾತು ಹೇಳಿದ್ರ ಅವನ ಕಾಲಿಗೆ ಬೀಳ್ತಿದ್ದೆ."

ಮೌಲಾಬಿ ಬಾಗಿಲು ಬಿಟ್ಟಳು. ಅವರು ರಾಜಮಹ್ಮದನನ್ನು ಸರಿಸಿ ಮುಂದಿನ ಹಿಡಿಗೆ ತಾವೇ ಭುಜ ಕೊಟ್ಟರು.

ಹೆಂಗಸರು ಮನೆಯಲ್ಲೇ ಉಳಿದರು. ಕಾದ ಮುರಕಲ್ಲಿನ ದಾರಿಯಲ್ಲಿ ಜನಾಜಾ ಏರು ಹತ್ತುವುದನ್ನು ಮೌಲಾಬಿ ಬಾಗಿಲಲ್ಲಿ ನಿಂತು ನೋಡಿದಳು. ಪಂಚಾಕ್ಷರಿಯವರು ಎಲ್ಲರಿಗಿಂತ ಮುಂದೆ ಬರಿಗಾಲಲ್ಲಿ ನಡೆಯುತ್ತಿದ್ದರು. ಅವರ ಪಾಲಿಶ್ ಮಾಡಿದ ಬೂಟುಗಳು ಹೊಸ್ತಿಲ ಹೊರಗೇ ಇದ್ದವು.