ನಕ್ಷೆಯಲ್ಲಿಲ್ಲದ ಮರಗಳು

ಪಿರೆಟ್ ಚೀಲದೊಳಗೆ ಕೈ ಹಾಕಿ ಕೈಗವಸಿನ ಜೋಡಿ ಇದೆಯೇ ಎಂದು ಮೂರನೆಯ ಸಲ ಮುಟ್ಟಿ ನೋಡುವ ಹೊತ್ತಿಗೆ ಪಕ್ಕದಲ್ಲಿದ್ದ ಅವಳ ತಾಯಿ ಮೈಮು, "ಅದಕ್ಕೇನು ಕಾಲಿದ್ಯಾ, ಎಲ್ಲೂ ಓಡಿಹೋಗಲ್ಲ ಬಿಡು" ಎಂದಳು. ಅವರ ಕಾರಿನ ಮುಂದೆ ಶವದ ಗಾಡಿ ಅಕ್ಟೋಬರ್ ಮಂಜಿನಲ್ಲಿ ಒಮ್ಮೆ ಕಾಣಿಸಿ ಒಮ್ಮೆ ಕರಗಿ ಸಾಗುತ್ತಿತ್ತು. ಅದರಲ್ಲಿ ಮೈಮುವಿನ ಗಂಡ ಹೆಲ್ದುರ್ ಮಲಗಿದ್ದ. ಅವನ ಅರವತ್ತಾರು ವರ್ಷಗಳಲ್ಲಿ ಮೂವತ್ತೊಂದು ವರ್ಷ ರಾಜಧಾನಿ ತಾಲ್ಲಿನ್ ನಗರದ ಸರ್ಕಾರಿ ಇಲಾಖೆಯೊಂದರ ಮೂರನೆಯ ಮಹಡಿಯಲ್ಲಿ ಕಳೆದಿದ್ದವು. ಈಗ ನಾಲ್ಕು ಗಂಟೆಯ ದಾರಿ ಸವೆಸಿ, ವೋರು ಸೀಮೆಯ ತನ್ನ ಹಳ್ಳಿಗೆ ಮಣ್ಣಾಗಲು ಬರುತ್ತಿದ್ದ.

ನಮ್ಮ ಕಡೆ ಸತ್ತವರನ್ನು ಸ್ಮಶಾನಕ್ಕೆ ಒಯ್ಯುವಾಗ ಕಾಡಿನ ತಿರುವಿನಲ್ಲಿ ಗಾಡಿ ನಿಲ್ಲುತ್ತದೆ. ಹತ್ತಿರದ ಸಂಬಂಧದ ಗಂಡಸೊಬ್ಬ ಚಾಕು ತೆಗೆದು ಪೈನ್ ಮರದ ತೊಗಟೆಯ ಮೇಲೆ ಶಿಲುಬೆ ಕೆತ್ತುತ್ತಾನೆ. ಸತ್ತವರಿಗೆ ಮನೆಯ ನೆನಪಾಗಿ ಎದ್ದು ಹೊರಟರೂ ಆ ಮರದವರೆಗೆ ಬಂದು, ತಮ್ಮ ಗುರುತು ನೋಡಿ, ಅಲ್ಲೇ ನಿಲ್ಲುತ್ತಾರೆ. ಹೊಸ್ತಿಲು ದಾಟುವುದಿಲ್ಲ. ಕೆತ್ತಿದವನಿಗೆ ಮನೆಯ ಹೆಂಗಸರು ಉಣ್ಣೆಯ ಕೈಗವಸು ಕೊಡಬೇಕು. ಮೈಮು ಈ ಜೋಡಿಯನ್ನು ಆಸ್ಪತ್ರೆಯ ಮಂಚದ ಪಕ್ಕ ಕುಳಿತು ಹೆಣೆದಿದ್ದಳು. ಯಾರಿಗೆಂದು ಹೆಲ್ದುರ್ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಆದರೆ ಅಳತೆ ನೋಡಿದರೆ ಯಾರಿಗೂ ತಿಳಿಯುವಂತಿತ್ತು. ಅಷ್ಟು ದೊಡ್ಡ ಕೈ ಇರುವುದು ಹೆಲ್ದುರ್‌ನ ತಮ್ಮ ಎಂಡೆಲ್‌ಗೆ ಮಾತ್ರ.

ಆ ತಮ್ಮ ಅಣ್ಣನ ಜೊತೆ ಮಾತು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಸಾವಿನ ಸುದ್ದಿ ತಿಳಿಸಿದಾಗ ಅವನಿಂದ ಬಂದ ಉತ್ತರ ಒಂದೇ ಸಾಲು: ಗುಂಡಿ ತೋಡಿಸುತ್ತೇನೆ. ಚಾಕು ತರುತ್ತೇನೆಂದೂ ಇಲ್ಲ, ತರುವುದಿಲ್ಲವೆಂದೂ ಇಲ್ಲ. ಮನೆಗೆ ಬನ್ನಿ ಎಂದಂತೂ ಇರಲಿಲ್ಲ. ಹಾಗಾಗಿ ಪಿರೆಟ್ ಮಣ್ಣಿನ ಊಟಕ್ಕೆ ಹಳ್ಳಿಯ ಸಭಾಮಂದಿರವನ್ನು ಗೊತ್ತುಮಾಡಿದ್ದಳು.

"ಚಿಕ್ಕಪ್ಪ ಕೆತ್ತದಿದ್ರೆ?" ಎಂದಳು ಪಿರೆಟ್.

"ಕೆತ್ತದಿದ್ರೆ ನಿಮ್ಮಪ್ಪನಿಗೆ ಈ ಊರಲ್ಲಿ ನಿಲ್ಲೋಕೆ ಜಾಗ ಇಲ್ಲ ಅಂತ ಅರ್ಥ" ಎಂದು ಮೈಮು ಕಿಟಕಿಯ ಕಡೆ ತಿರುಗಿದಳು.

ಅಣ್ಣತಮ್ಮಂದಿರು ಬೆಳೆದ ಹಳೆಯ ಮನೆಯ ಮುಂದೆ ಶವದ ಗಾಡಿ ನಿಂತಿತು. ಎಂಡೆಲ್ ಕಪ್ಪು ಕೋಟು ತೊಟ್ಟು ಮೆಟ್ಟಿಲ ಮೇಲೆ ಕಾಯುತ್ತಿದ್ದ. ಎಲ್ಲರೂ ನೋಡುತ್ತಿರುವಂತೆಯೇ ಬಾಗಿಲೆಳೆದು ಬೀಗ ಹಾಕಿ, ಬೀಗದ ಕೈ ಜೇಬಿಗಿಳಿಸಿ, ಗೇಟಿನಾಚೆ ಬಂದು ಅತ್ತಿಗೆಗೆ ತಲೆಯಾಡಿಸಿದ. ಅಲ್ಲಿಂದ ಎಲ್ಲರೂ ಗಾಡಿಯ ಹಿಂದೆ ನಡೆದೇ ಹೊರಟರು. ಮರಳಿನ ರಸ್ತೆಯಾದ್ದರಿಂದ ಹೆಜ್ಜೆಯ ಸದ್ದು ಕೇಳುತ್ತಿರಲಿಲ್ಲ. ಮಂಜಿನಲ್ಲಿ ಕಾಲುಗಳೂ ಕಾಣದೆ, ಊರಿಗೆ ಊರೇ ನೆಲ ಮುಟ್ಟದೆ ಹೋಗುತ್ತಿದೆ ಅನ್ನಿಸುತ್ತಿತ್ತು.

*

ಇಲಾಖೆಯಲ್ಲಿ ಹೆಲ್ದುರ್ ಏನು ಕೆಲಸ ಮಾಡುತ್ತಾನೆಂದು ಹಳ್ಳಿಯವರಿಗೆ ಎಂದೂ ಸರಿಯಾಗಿ ಗೊತ್ತಾಗಲಿಲ್ಲ. ಕಂಪ್ಯೂಟರ್ ರಿಪೇರಿ ಎಂದುಕೊಂಡು ಕೆಟ್ಟುಹೋದ ಟಿವಿಯನ್ನು ಅವನ ಮುಂದೆ ತಂದಿಟ್ಟವರೂ ಉಂಟು. ನಿಜವಾಗಿ ಅವನದು ನಕ್ಷೆಯ ಕೆಲಸ. ಲಾಭವಿರುವ ಕಡೆಗೆ ಇಂಟರ್ನೆಟ್ ಕೇಬಲ್ಲನ್ನು ಕಂಪನಿಗಳು ತಾವಾಗಿಯೇ ಎಳೆಯುತ್ತವೆ. ಲಾಭವಿಲ್ಲದ ಊರುಗಳು ನಕ್ಷೆಯಲ್ಲಿ ಬಿಳಿಯಾಗಿ ಉಳಿಯುತ್ತವೆ. ಆ ಬಿಳಿ ಜಾಗಗಳಿಗೆ ಸರ್ಕಾರ ಬಂಡವಾಳ ಹಾಕಬೇಕೇ, ಹಾಕಿದರೆ ಯಾವುದಕ್ಕೆ ಮೊದಲು ಎಂಬ ನೀತಿ ಬರೆಯುವವನು ಅವನು.

ಅವನ ಕೈಕೆಳಗೆ ಕೆಲಸಕ್ಕೆ ಸೇರಿದ ಉರ್ವೆ ಎಂಬ ಹುಡುಗಿಯನ್ನು ಮೊದಲ ಚಳಿಗಾಲದಲ್ಲೇ ಬಸ್ಸು ಹತ್ತಿಸಿ ಒಂದು ಬಿಳಿ ಜಾಗಕ್ಕೆ ಕರೆದೊಯ್ದ. ದಾಖಲೆಯ ಪ್ರಕಾರ ಅಲ್ಲಿ ಹನ್ನೊಂದು ಮನೆ. ಹೆಲ್ದುರ್ ದಿಬ್ಬದ ಮೇಲೆ ನಿಂತು, ಮೂಗು ಕೆಂಪಗಾಗುವವರೆಗೆ ಕಾದು, ಹೊಗೆ ಎಣಿಸಿದ. "ನಾಲ್ಕು. ಬರ್ಕೋ" ಎಂದ. "ದಾಖಲೆ ಸುಳ್ಳು ಹೇಳ್ಬಹುದು. ಜನವರಿ ತಿಂಗಳಲ್ಲಿ ಒಲೆ ಸುಳ್ಳು ಹೇಳಲ್ಲ."

ಆ ನಾಲ್ಕು ಹೊಗೆಗಾಗಿ ಅವನು ಸಮಿತಿಯ ಮುಂದೆ ಎರಡು ವರ್ಷ ಜಗಳವಾಡಿದ. ಕೊನೆಯ ಮನೆಯಲ್ಲಿ ಒಬ್ಬಳೇ ಮುದುಕಿ, ಅವಳಿಗಾಗಿ ಏಳು ಕಿಲೋಮೀಟರ್ ಕೇಬಲ್ಲೇ, ಅವಳು ಯಾರ ಜೊತೆ ಮಾತಾಡಬೇಕು ಎಂದು ಬಂಡವಾಳದ ಲೆಕ್ಕ ಬಲ್ಲ ಸದಸ್ಯರೊಬ್ಬರು ನಕ್ಕರು. "ಅವಳು ಯಾರನ್ನೂ ಕರೆಯದೇ ಇರಬಹುದು, ಸರ್. ಅವಳನ್ನ ಕರೆಯೋರು ಇರ್ತಾರಲ್ಲ" ಎಂದ ಹೆಲ್ದುರ್.

ಅವನಿಗೆ ಪದೇ ಪದೇ ಒಂದು ಕನಸು ಬೀಳುತ್ತಿತ್ತಂತೆ. ನಕ್ಷೆಯ ಮೇಲೆ ಹಿಮ ಸುರಿದು ಗೆರೆಗಳೆಲ್ಲ ಮುಚ್ಚಿಹೋಗಿರುತ್ತವೆ. ಎಲ್ಲೂ ಮನೆಯಿಲ್ಲ, ಹೊಗೆ ಮಾತ್ರ ನೆಟ್ಟಗೆ ಏಳುತ್ತಿರುತ್ತದೆ. ಚಹಾ ಕುಡಿಯುತ್ತ ಇದನ್ನು ಹೇಳಿದಾಗ ಉರ್ವೆ, ಮನೆಯಿಲ್ಲದೆ ಹೊಗೆ ಎಲ್ಲಿಂದ ಬಂತು ಎಂದು ಕೇಳಿದ್ದಳು. ಅವನಿಗೂ ಅದೇ ಗೊತ್ತಾಗಿರಲಿಲ್ಲ.

*

ಉರ್ವೆ ಈಗ ನಲವತ್ತು ದಾಟಿದ ಹೆಂಗಸು. ಇಲಾಖೆಯ ಪರವಾಗಿ ಅವಳೊಬ್ಬಳೇ ಬಂದಿದ್ದಳು. ಅವಳ ಪಕ್ಕಕ್ಕೆ ಊರಿನ ಹೆಲ್ಮಜ್ಜಿ ಊರುಗೋಲು ಕುಟ್ಟುತ್ತ ಬಂದು ಸೇರಿಕೊಂಡಳು. ಎಂಬತ್ತೊಂಬತ್ತು ವರ್ಷದ ಹೆಲ್ಮಜ್ಜಿಗೆ ಪಿಸುಮಾತು ಬಾರದು. ಅವಳ ಗುಟ್ಟು ಅರ್ಧ ಮೆರವಣಿಗೆಗೆ ಕೇಳುತ್ತದೆ.

"ನೀನು ಆ ಮರ ಕಡಿಸಿದ ಆಫೀಸಿನವಳಾ?"

ಉರ್ವೆ ಹೌದೆಂದಳು.

"ಮನೆಗೆ ಮಾರಿ ಊರಿಗೆ ಉಪಕಾರಿ ಆದ ನಮ್ಮ ಹೆಲ್ದುರ್. ದೇಶಕ್ಕೆಲ್ಲ ತಂತಿ ಎಳೆದ, ತಮ್ಮನ ಮನೆಗೆ ಮಾತ್ರ ಇಲ್ಲ. ಗೇಟಿನ ಹತ್ರ ಸುರುಳಿ ಸುತ್ತಿ ಹಾಗೇ ಬಿದ್ದಿದೆ ನೋಡು. ಎಂಡೆಲ್ ಒಳಗೆ ತರೋಕೇ ಬಿಡ್ಲಿಲ್ಲ." ಹೆಲ್ಮಜ್ಜಿ ಉಸಿರು ತೆಗೆದುಕೊಂಡಳು. "ಇವನಿಗೂ ಈಚೆಗೆ ಏನೋ ಆಗಿದೆ. ಒಬ್ನೇ ಇರೋ ಮನೆ, ಮೇಜಿನ ಮೇಲೆ ಯಾವಾಗ್ ಹೋದ್ರೂ ಮೂರು ಲೋಟ. ಯಾರಿಗಪ್ಪಾ ಅಂದ್ರೆ ಮಾತು ಬದಲಾಯಿಸ್ತಾನೆ."

ನಾಲ್ಕು ಹೆಜ್ಜೆ ಮುಂದಿದ್ದ ಎಂಡೆಲ್‌ನ ಬೆನ್ನು ಅಲುಗಲಿಲ್ಲ.

*

ತನ್ನ ಊರಿನ ಸರದಿಯನ್ನು ಹೆಲ್ದುರ್ ಪಟ್ಟಿಯ ಕಟ್ಟಕಡೆಗೆ ತಳ್ಳಿದ್ದ. ಸ್ವಂತ ಊರಿಗೆ ಮೊದಲು ಬಡಿಸಿಕೊಂಡ ಎಂದು ಯಾರೂ ಆಡಿಕೊಳ್ಳಬಾರದು, ಅಷ್ಟೇ. ಕೊನೆಗೆ ಸರದಿ ಬಂದಾಗ ಕೇಬಲ್ಲಿನ ದಾರಿಯನ್ನು ನಕ್ಷೆಯಲ್ಲಿ ತಾನೇ ಪರೀಕ್ಷಿಸಿ ಸಹಿ ಹಾಕಿದ. ಮುಟ್ಟಬಾರದ ಜಾಗಗಳೆಲ್ಲ ಅದರಲ್ಲಿ ಗುರುತಾಗಿದ್ದವು: ಚರ್ಚು, ಹಳೆಯ ಕಲ್ಲುಗಳು, ಕೊಕ್ಕರೆ ಗೂಡು ಕೂಡ. ತಿರುವಿನ ಏಳು ಪೈನ್ ಮರಗಳು ಇರಲಿಲ್ಲ. ಆ ಮರಗಳ ಮೇಲೆ ಅವನ ಅಜ್ಜನ, ಅಪ್ಪನ, ಅಮ್ಮನ ಶಿಲುಬೆಗಳಿದ್ದವು. ಅಮ್ಮನದನ್ನು ಕೆತ್ತುವಾಗ ಎಂಡೆಲ್‌ನ ಪಕ್ಕದಲ್ಲಿ ಅವನೇ ನಿಂತಿದ್ದ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಬರೆದಿಡುತ್ತಾರೆ? ಊರಿನವರು ಯಾರೂ ಬರೆಸಿರಲಿಲ್ಲ, ಊರೂರಿನದನ್ನು ಬರೆದ ಹೆಲ್ದುರ್‌ಗೂ ಹೊಳೆಯಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಮಾರ್ಚ್ ತಿಂಗಳಲ್ಲಿ ಯಂತ್ರ ಬಂತು. ಎಂಡೆಲ್ ಅಂದು ಹಲ್ಲು ಕೀಳಿಸಲು ಪೇಟೆಗೆ ಹೋಗಿದ್ದ. ಬಾಯಲ್ಲಿ ಹತ್ತಿಯಿಟ್ಟುಕೊಂಡು ಬಸ್ಸಿಳಿದು ಬಂದರೆ ತಿರುವಿನಲ್ಲಿ ಏಳು ಬುಡಗಳು, ಪಕ್ಕದಲ್ಲಿ ಕೇಬಲ್ಲಿನ ಹಳದಿ ಗುರುತುಕಂಬ. ಅಲ್ಲಿಂದಲೇ ಅಣ್ಣನಿಗೆ ಫೋನು ಮಾಡಿದ.

"ಅಮ್ಮ ಈಗ ಎಲ್ಲಿ ನಿಲ್ತಾಳೆ?"

ಹೆಲ್ದುರ್ ಮುಂದಿದ್ದ ಪರದೆಯಲ್ಲಿ ಆ ತಿರುವನ್ನೇ ತೆರೆದು ನೋಡಿದ. ಆಮೇಲೆ, ತನ್ನ ಜೀವಮಾನದಲ್ಲಿ ಆಡಬಾರದಿದ್ದ ಒಂದೇ ಒಂದು ಮಾತು ಆಡಿದ.

"ನಕ್ಷೇಲಿ ಇರ್ಲಿಲ್ಲ ಎಂಡೆಲ್."

"ನಿನ್ ತಲೇಲಿ ಇರ್ಲಿಲ್ವಾ?" ಎಂದ ತಮ್ಮ. ಇನ್ನು ಈ ಮನೆಯ ಕಡೆ ಕಾಲಿಡಬೇಡ ಎಂದು ಫೋನಿಟ್ಟ.

ಮರುವರ್ಷ ಇಲಾಖೆಯಿಂದ ಹೊಸ ನಿಯಮವೊಂದು ಹೊರಟಿತು. ಕೇಬಲ್ಲಿಗೆ ನೆಲ ಅಗೆಯುವ ಮುನ್ನ ಆ ಊರಿನ ಹಿರಿಯರೊಬ್ಬರು ದಾರಿಯುದ್ದಕ್ಕೂ ಅಧಿಕಾರಿಯ ಜೊತೆ ನಡೆಯಬೇಕು, ನಕ್ಷೆಯಲ್ಲಿಲ್ಲದ್ದನ್ನು ತೋರಿಸಬೇಕು, ಅವರ ಸಹಿಯಿಲ್ಲದೆ ಗುದ್ದಲಿ ಏಳಬಾರದು. ಅದರ ಸರ್ಕಾರಿ ಹೆಸರು ಎರಡು ಸಾಲು ಉದ್ದವಿತ್ತು. ಕಚೇರಿಯಲ್ಲಿ ಎಲ್ಲರೂ ಅದನ್ನು 'ಅಜ್ಜಿ ನಡಿಗೆ' ಎಂದೇ ಕರೆದರು. ಹೆಲ್ದುರ್ ಎಷ್ಟೋ ಅಜ್ಜಿಯರ ಜೊತೆ ತಾನೇ ನಡೆದ. ಅವರು ನಿಂತಲ್ಲಿ ನಿಂತ, ತೋರಿಸಿದ್ದನ್ನೆಲ್ಲ ಬರೆದುಕೊಂಡ. ತನ್ನ ಊರಿನ ಬಸ್ಸು ಮಾತ್ರ ಹತ್ತಲಿಲ್ಲ, ಬರಬೇಡ ಎಂದವನ ಮಾತು ಮೀರಬಾರದು ಎಂದು.

*

ತಿರುವು ಹತ್ತಿರ ಬಂದಾಗ ಉರ್ವೆ ಬೀಸುಹೆಜ್ಜೆ ಹಾಕಿ ಎಂಡೆಲ್‌ನ ಪಕ್ಕ ಸೇರಿದಳು. ಇದನ್ನು ಹೇಳಲೆಂದೇ ಅವಳು ಬಂದಿದ್ದು.

"ಎಂಡೆಲ್ ಅವರೇ, ನಿಮ್ಮ ಮನೆ ನಮ್ಮ ನಕ್ಷೇಲಿ ಇನ್ನೂ ಬಿಳೀನೇ ಇದೆ. ಕೇಬಲ್ ಬೇಡ ಅಂದವರ ಮನೆ ಮುಂದೆ 'ನಿರಾಕರಿಸಿದ್ದಾರೆ' ಅಂತ ಬರೆದು ಮುಗಿಸ್ತೀವಿ. ನಿಮ್ಮದರ ಮುಂದೆ ನಿಮ್ಮಣ್ಣ ಹಾಗೆ ಬರೆಯೋಕೆ ಬಿಡ್ಲಿಲ್ಲ. ಪ್ರತಿ ವರ್ಷ ತಾವೇ ತೆಗೆದು, 'ಕಾಯುತ್ತಿದೆ' ಅಂತ ಬರೀತಿದ್ರು. ಹನ್ನೊಂದು ಸಲ ಬರೆದಿದ್ದಾರೆ."

"ಯಾರು ಕಾಯ್ತಿರೋದಂತೆ?" ಎಂದ ಎಂಡೆಲ್.

"ನಾನೂ ಕೇಳಿದ್ದೆ. ಹೇಳ್ಲಿಲ್ಲ."

ಗಾಡಿ ನಿಂತಿತು. ರಸ್ತೆಯ ಒಂದು ಬದಿ ಹಳದಿ ಕಂಬ ಮಂಜಿನಲ್ಲಿ ಒದ್ದೆಯಾಗಿ ನಿಂತಿತ್ತು. ಇನ್ನೊಂದು ಬದಿಯಲ್ಲಿ ಮರಗಳು ಉಳಿದಿದ್ದವು. ಯಾರೋ ವೋಡ್ಕಾದ ಪುಟ್ಟ ಲೋಟಗಳನ್ನು ಹಂಚಿದರು. ಪಿರೆಟ್ ಚೀಲದೊಳಗೆ ಕೈಗವಸನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಎಂಡೆಲ್ ಕೋಟಿನ ಗುಂಡಿ ಬಿಚ್ಚಿ ಸೊಂಟದಿಂದ ಚಾಕು ತೆಗೆದ. ಅವನು ರಸ್ತೆ ದಾಟಿ, ದಪ್ಪನೆಯ ಪೈನ್ ಮರವೊಂದನ್ನು ಆರಿಸಿ, ಅಂಗೈಯಿಂದ ತೊಗಟೆಯ ಪಾಚಿ ಒರೆಸಿ ಚಾಕು ಊರಿದ. ಒಂದು ಚೂರು ತೊಗಟೆ ಹಾರಿ ಬಿತ್ತು. ಅಲ್ಲಿಗೆ ನಿಲ್ಲಿಸಿದ.

"ಅತ್ತಿಗೆ, ಶಿಲುಬೆ ಯಾಕೆ ಕೆತ್ತೋದು?" ಎಂದು ತಿರುಗದೆ ಕೇಳಿದ.

"ಸತ್ತವರು ಮನೆಗೆ ವಾಪಸ್ ಬರಬಾರದು ಅಂತ."

"ಅಪ್ಪ ಅಮ್ಮ ಹನ್ನೆರಡು ವರ್ಷದಿಂದ ಮನೇಲೇ ಇದ್ದಾರೆ. ತಡೆಯೋಕೆ ಮರ ಇಲ್ವಲ್ಲ. ಮೊದಮೊದಲು ಭಯ ಆಗ್ತಿತ್ತು, ಈಗ ಅಭ್ಯಾಸ ಆಗಿದೆ." ಅವನು ಚಾಕುವನ್ನು ಕೋಟಿಗೆ ಒರೆಸಿದ. "ಎಲ್ಲರೂ ಒಳಗಿರುವಾಗ ಇವನೊಬ್ಬನ್ನ ಇಲ್ಲಿ ರಸ್ತೇಲಿ ನಿಲ್ಸಿ ಹೋಗ್ಲಾ? ಬದುಕಿದ್ದಾಗ ನಿಲ್ಸಿದ್ದು ಸಾಕು."

ಚಾಕು ಒರೆಗೆ ಸೇರಿತು.

"ಕೆತ್ತದೆ ಬಿಟ್ರೆ ಬಂದು ಬಾಗಿಲು ಬಡೀತಾನೆ ಕಣೋ" ಎಂದಳು ಹೆಲ್ಮಜ್ಜಿ.

"ಬಡಿಯೋದ್ ಬೇಡ. ತೆಗೆದಿರ್ತೀನಿ."

*

ಸ್ಮಶಾನದಲ್ಲಿ ಎಲ್ಲವೂ ಬೇಗ ಮುಗಿಯಿತು. ಒಬ್ಬೊಬ್ಬರೂ ಮೂರು ಹಿಡಿ ಮರಳು ಹಾಕಿದರು. ಮರಳು ತೇವವಾಗಿದ್ದರಿಂದ ಪೆಟ್ಟಿಗೆಯ ಮೇಲೆ ಮೆತ್ತಗೆ ಬಿತ್ತು. ಮೈಮು ಜೋರಾಗಿ ಅತ್ತಳು. ಅಲ್ಲಿಯವರೆಗೆ ಅವಳಿಗೆ ಅಳು ಬಂದಿರಲಿಲ್ಲ. ಗೋರಿಯ ಮೇಲೆ ಹಸಿರು ಕೊಂಬೆ ಹೊದಿಸಿ, ಸುತ್ತಲಿನ ಮರಳಿನ ಮೇಲಿದ್ದ ಎಲ್ಲರ ಹೆಜ್ಜೆಗುರುತುಗಳನ್ನು ಎಂಡೆಲ್ ಹಲ್ಲಿನ ಗೋರುಕೋಲಿನಿಂದ ಎಳೆದು ಅಳಿಸಿದ. ಆಮೇಲೆ ಪಿರೆಟ್‌ಳ ಕಡೆ ನೋಡದೆ, ಸಭಾಮಂದಿರ ತಣ್ಣಗಿರುತ್ತದೆ, ಊಟ ಮನೆಗೇ ತರಿಸು ಎಂದ.

ಹೀಗೆ ಹಂದಿಮಾಂಸದ ಜೆಲ್ಲಿ, ಆಲೂಗಡ್ಡೆ ಪಲ್ಯ, ಬೇಯಿಸಿದ ಬಟಾಣಿ ಎಲ್ಲ ಪಾತ್ರೆ ಸಮೇತ ಹಳೆಯ ಮನೆ ಸೇರಿದವು. ಎಂಡೆಲ್ ಇಟ್ಟಿಗೆಯ ದೊಡ್ಡ ಒಲೆಗೆ ಸೌದೆ ತುಂಬಿ ಬೆಂಕಿ ಹಚ್ಚಿದ. ಅಂಗಳದಲ್ಲಿ ಉಳಿದಿದ್ದ ಉರ್ವೆ ಚಿಮಣಿಯ ಹೊಗೆಯತ್ತ ತಲೆಯೆತ್ತಿದಳು, ಎಣಿಸುವ ಹಳೆಯ ಅಭ್ಯಾಸದಂತೆ ಒಂದು ಬೆರಳು ಮಡಿಚಿದಳು. ಮೇಜಿನ ಮೇಲೆ ಹೆಲ್ಮಜ್ಜಿ ಹೇಳಿದ ಮೂರು ಲೋಟ ಇದ್ದೇ ಇದ್ದವು. ಎಂಡೆಲ್ ಕಪಾಟಿನಿಂದ ಇನ್ನೊಂದನ್ನು ತೆಗೆದು, ಧೂಳು ಒರೆಸಿ, ಪಕ್ಕಕ್ಕಿಟ್ಟ.

ಮೈಮು ಮಗಳ ಚೀಲದಿಂದ ಕೈಗವಸು ತೆಗೆದು ಅವನ ಮುಂದೆ ಹಿಡಿದಳು. ತಾನು ಕೆತ್ತಲಿಲ್ಲವಲ್ಲ, ತನಗೇಕೆ ಎಂದ. ತಗೋ ಎಂದಳು. ಅವನು ತೊಟ್ಟುಕೊಳ್ಳಲಿಲ್ಲ. ಎರಡನ್ನೂ ಒಲೆಯ ಕಟ್ಟೆಯ ಮೇಲೆ ಬೆಚ್ಚಗೆ ಬಿಡಿಸಿಟ್ಟು, "ಅಣ್ಣ ಅಲ್ಲಿಂದ ನಡ್ಕೊಂಡು ಬರ್ಬೇಕಲ್ಲ. ಕೈ ತಣ್ಣಗಾಗಿರತ್ತೆ" ಎಂದ.

ಬಾಗಿಲು ತೆರೆದೇ ಇದ್ದುದರಿಂದ ಮಂಜು ಹೊಸ್ತಿಲವರೆಗೆ ಬಂದಿತ್ತು. ಚಳಿಗೆ ಎಲ್ಲರೂ ಕೋಟು ತೊಟ್ಟೇ ಉಣ್ಣುತ್ತಿದ್ದರು. ಸ್ವಲ್ಪ ಹೊತ್ತಿಗೆ ಹೆಲ್ಮಜ್ಜಿ ಗೊಣಗುತ್ತ ಎದ್ದು, ಊರುಗೋಲು ಕುಟ್ಟಿಕೊಂಡು ಹೋಗಿ, ಮುಚ್ಚಲೆಂದು ಬಾಗಿಲಿನ ಹಿಡಿಗೆ ಕೈಹಾಕಿದಳು. ರಸ್ತೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಕೈ ತೆಗೆದು, ವಾಪಸ್ ಬಂದು, ಶಾಲನ್ನು ಕುತ್ತಿಗೆಯವರೆಗೆ ಎಳೆದುಕೊಂಡು, ಒಲೆಗೆ ಇನ್ನೊಂದು ಸೌದೆ ಹಾಕು ಎಂದು ಎಂಡೆಲ್‌ಗೆ ಹೇಳಿ ಕುಳಿತಳು.