ಕಾಯುವ ಕೂಲಿ

ಏರು ಹತ್ತುವಾಗ ಕುಮಾರನ ಬೂಟು ಜಾರಿ ಚಟ್ಟ ಒಂದು ಕಡೆಗೆ ವಾಲಿತು. ಹಿಂದಿನವರು ಹೆಗಲು ಕೊಟ್ಟು ತಡೆದರು.

"ಬೂಟು ಬಿಚ್ಚಿ ಕುಮಾರಣ್ಣ. ಹೆಣ ಹೊತ್ಕೊಂಡು ಯಾರಾದ್ರೂ ಬೂಟಲ್ಲಿ ನಡೀತಾರಾ?" ಎಂದಳು ಪಕ್ಕದ ಮನೆಯ ತನುಜಾ.

ಕುಮಾರ ಕೇಳಿಸದವನಂತೆ ನಡೆದ. ಕಳಸ ಊರಿನ ಮೇಲಿನ ಈ ಹುಲ್ಲುಗುಡ್ಡಕ್ಕೆ ಅವನು ಬರಿಗಾಲಿಟ್ಟು ಎರಡು ವರ್ಷವಾಗಿತ್ತು. ಇಡಲು ಮುಖವಿರಲಿಲ್ಲ.

ಚಟ್ಟದ ಮೇಲಿದ್ದ ಗಿಡ್ಡಮ್ಮ ಅವನ ತಾಯಿಯ ತಾಯಿ. ಚಳಿಗಾಲದಲ್ಲಿ ಗುಡ್ಡದ ಹುಲ್ಲನ್ನು ತುಂಡು ತುಂಡಾಗಿ ಸುಟ್ಟು, ಬೇಸಿಗೆಯ ಕಾಳ್ಗಿಚ್ಚಿಗೆ ಮೇವಿಲ್ಲದಂತೆ ಮಾಡುವುದು ಅವರ ಗಿರಿಜನರ ಹಾಡಿಯ ಹಳೆಯ ವಿದ್ಯೆ. ಗುಡ್ಡದ ಒಡೆಯ, ಕಾಫಿ ಎಸ್ಟೇಟಿನ ಓಂಕಾರಮೂರ್ತಿಯವರನ್ನು ಒಪ್ಪಿಸಿ, ಬಿಟ್ಟಿ ಕೆಲಸಕ್ಕೆ ಕೂಲಿ ಹುಟ್ಟಿಸಿದವನು ಕುಮಾರ. ಹಾಡಿಯ ಒಲೆಗಳು ಅದನ್ನೇ ನಂಬಿದ್ದವು. ಬೂಟೂ ಎಸ್ಟೇಟಿನದೇ.

*

ಎರಡು ವರ್ಷದ ಹಿಂದೆ ಗುಡ್ಡ ಸುಡುವುದನ್ನು ತೋರಿಸಲು ಸಾಹುಕಾರ ಓಂಕಾರಮೂರ್ತಿಯವರು ನಂಟರನ್ನು ಕರೆತಂದಿದ್ದರು. ಗಿಡ್ಡಮ್ಮ ಹುಲ್ಲಿನಲ್ಲಿ ನಾಲ್ಕು ಹೆಜ್ಜೆ ನಡೆದು ತನ್ನ ಪಾದ ನೋಡಿಕೊಂಡಳು.

"ಇಬ್ಬನಿ ಇಲ್ಲ ಮಗಾ. ಕಾಲು ಒದ್ದೆಯಾದ್ರೆ ಬೆಂಕಿ ನಮ್ ಜೊತೆ ನಡೀತದೆ, ಇಲ್ದಿದ್ರೆ ಓಡ್ತದೆ. ಇವತ್ತು ಬ್ಯಾಡ, ಕಾಯಣ."

"ಕಾಯೋದಕ್ಕೆ ಯಾರಜ್ಜಿ ಕೂಲಿ ಕೊಡ್ತಾರೆ? ಹಚ್ಚಿದ ದಿನಕ್ಕೆ ತಾನೆ ಕೊಡೋದು?" ಎಂದ ಕುಮಾರ.

"ಬೂಟು ಬಿಚ್ಚಿ ನೀನೇ ಮೆಟ್ಟಿ ನೋಡು."

ಅಷ್ಟು ಜನರ ಮುಂದೆ ಬೂಟು ಬಿಚ್ಚಲು ಅವನಿಗೆ ನಾಚಿಕೆ. ಹಚ್ಚಿಯೇಬಿಟ್ಟ. ಬೆಂಕಿ ಓಡಿತು. ಕಣಿವೆಯ ಕಾಡಿಗೆ ನುಗ್ಗಿ, ಗಿಡ್ಡಮ್ಮ ಮದುವೆಯಾಗಿ ಬಂದಾಗಿನಿಂದ ಜೇನು ಕಟ್ಟುತ್ತಿದ್ದ ಮರವನ್ನೂ ಬಿಡಲಿಲ್ಲ.

ಸಾಹುಕಾರರು ಕೂಗಾಡಿದಾಗ ಮುದುಕಿಯೇ ಮುಂದೆ ಬಂದಳು. "ಹಚ್ಚು ಅಂದಿದ್ದು ನಾನು, ಅಯ್ಯ. ಹುಡುಗರ ಕೆಲಸ ತೆಗೀಬ್ಯಾಡಿ."

ಕೆಲಸ ಉಳಿಯಿತು. ಗಿಡ್ಡಮ್ಮ ಇನ್ನು ಗುಡ್ಡ ಹತ್ತಬಾರದೆಂದಾಯಿತು. ಕುಮಾರ ಬಾಯಿಗೆ ಬೀಗ ಹಾಕಿಕೊಂಡ. ಮನೆಯ ಜಗಲಿಯಿಂದ ಅವಳು ಗುಡ್ಡ ನೋಡುತ್ತ ಕೂತಾಗಲೆಲ್ಲ ಹಿತ್ತಲ ದಾರಿಯಿಂದ ಒಳಗೆ ಹೋಗುತ್ತಿದ್ದ.

*

ಅವಳ ಕಡೆಯಾಸೆಯಂತೆ ಚಿತೆಯನ್ನು ಗುಡ್ಡದ ನೆತ್ತಿಯಲ್ಲೇ ಒಟ್ಟಿದ್ದರು. ಓಂಕಾರಮೂರ್ತಿಯವರು ಜೀಪಿನಲ್ಲಿ ಬಂದು ಹಾರ ಹಾಕಿದರು.

"ಒಳ್ಳೇ ಹೆಂಗಸು, ಪಾಪ. ಅವತ್ತೊಂದು ತಪ್ಪು ಮಾಡಿದ್ಳು, ಇರ್ಲಿ. ಕುಮಾರ, ಈ ವರ್ಷದ ಹುಲ್ಲು ಸೋಮವಾರ ಹಚ್ಚಿಸ್ಬಿಡು ಮಾರಾಯ."

ಸತ್ತ ಮೇಲೂ ಅವಳ ತಲೆಯ ಮೇಲೇ ತಪ್ಪು. ಕುಮಾರನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಕೂತು ಬೂಟು ಬಿಚ್ಚಿದ.

"ಅಜ್ಜಿ ಕಾಯಣ ಅಂದಿದ್ರು ಅಯ್ಯ. ಕೇಳ್ದೆ ಹಚ್ಚಿದ್ದು ನಾನು. ಇನ್ಮೇಲೆ ಸೋಮವಾರ, ಮಂಗಳವಾರ ಅಂತ ಹಚ್ಚೋದಿಲ್ಲ. ಇಬ್ಬನಿ ಬಿದ್ದ ದಿನ ಹಚ್ತೀವಿ. ಕಾಯೋ ದಿನಕ್ಕೂ ಕೂಲಿ ಬೇಕು."

"ಸುಮ್ನೆ ಕೂತಿದ್ದಕ್ಕೆ ಕೂಲಿಯಾ? ಬೇರೆ ಜನ ಸಿಗಲ್ವೇನೋ ನಂಗೆ?"

ಕುಮಾರ ತನುಜಾಳ ಮುಖ ನೋಡಲಾರದೆ ಹೋದ. ಅವಳ ಮನೆಯ ಅನ್ನವೂ ಆ ಮಾತಿನಲ್ಲಿತ್ತು.

"ಹೊತ್ತಾಯ್ತು, ಹಚ್ಚಪ್ಪ" ಎಂದರು ಯಾರೋ.

ಅವನು ಚಿತೆಯ ಸುತ್ತ ಬರಿಗಾಲಲ್ಲಿ ನಡೆದ. ಮಧ್ಯಾಹ್ನದ ಬಿಸಿಲಿಗೆ ಹುಲ್ಲು ಗರಗರ ಎನ್ನುತ್ತಿತ್ತು. "ಈಗ ಬ್ಯಾಡ" ಎಂದ. "ಕಾಯಣ."

ಮೊದಲು ತನುಜಾ ಹುಲ್ಲಿನ ಮೇಲೆ ಕೂತಳು, ಸೊಂಟದಿಂದ ಎಲೆಅಡಿಕೆ ತೆಗೆದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಜೀಪು ಇಳಿದು ಹೋದ ಸದ್ದಿಗೆ ಯಾರೂ ತಿರುಗಿ ನೋಡಲಿಲ್ಲ.

ಸೂರ್ಯ ಗುಡ್ಡದ ಆಚೆ ಇಳಿದು ಚಳಿ ಹತ್ತಿತು. ತನುಜಾ ಬಗ್ಗಿ ಕುಮಾರನ ಪಾದ ಮುಟ್ಟಿದಳು. ಒದ್ದೆಯಾದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಕೊಳ್ಳಿಯನ್ನು ಅವನ ಕೈಗೆ ಕೊಟ್ಟಳು.